ಕತ್ತಿ ಒಂದು, ಕತ್ತರಿ ಎರಡು

ನೊರೆ ಇನ್ನೊಂದು ಚೂರು ಗಟ್ಟಿಯಾಗಬೇಕಿತ್ತು, ಇರಲಿ, ಈ ಗದ್ದಕ್ಕೆ ಇಷ್ಟು ಸಾಕು, ಗದ್ದವಾ ಇದು, ಎಡಗಡೆಗೊಂದು ನರುಲಿ, ಅದರ ಕೆಳಗೊಂದು ಗುಳಿ, ಗುಳಿಯೊಳಗೆ ಸುಳಿ ತಿರುಗಿ ಬೆಳೆದ ಕೂದಲು, ಈ ಗಿರಾಕಿ ಬಂದರೆ ಅಂಗಡಿಯ ಯಜಮಾನರೇ ಏನೋ ನೆಪ ತೆಗೆದು ಹೊರಗೆ ಹೋಗಿಬಿಡುತ್ತಾರೆ, ಇವತ್ತು ಮಾತ್ರ ಹೋಗಿಲ್ಲ, ಪಕ್ಕದ ಕುರ್ಚಿಯಲ್ಲಿ ಯಾರದೋ ತಲೆ ಹಿಡಿದುಕೊಂಡು ಕನ್ನಡಿಯಲ್ಲಿ ಇವನ ಕೈಯನ್ನೇ ನೋಡುತ್ತಿದ್ದಾರೆ, ನೋಡಲಿ, ಕಣ್ಣು ತುಂಬ ನೋಡಲಿ, ಇಂಥ ಕೈ ಈ ಬೀದಿಯಲ್ಲಿ ಇನ್ನೊಂದಿದೆಯಾ — ಕತ್ತಿ ಕಿವಿಯ ಬುಡದಿಂದ ಜರ್ರನೆ ಇಳಿಯಿತು, ನರುಲಿಯನ್ನು ಬಳಸಿಕೊಂಡು ಹೋಯಿತು, ಈಗ ಗಂಟಲು, ಗಂಟಲ ಗಂಟು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಅಲ್ಲಿ ಅವಸರ ಮಾಡಬಾರದು, ಒಂದ್ಸಲ ನುಂಗಿ ಸಾರ್, ಗಿರಾಕಿ ನುಂಗಿದರು, ಗಂಟು ಏರಿತು, ಇಳಿಯಿತು, ನಿಂತಿತು, ಆಗ ಕತ್ತಿ. ಇದು ಮೇಷ್ಟ್ರು ಹೇಳಿಕೊಟ್ಟದ್ದು, ವಾರಕ್ಕೆರಡು ದಿನ ಜೈಲಿಗೆ ಬಂದು ಕೈದಿಗಳಿಗೆ ಕ್ಷೌರ ಕಲಿಸುತ್ತಿದ್ದ ಆ ಮುದುಕ, ಮೊದಲ ತಿಂಗಳು ಮನುಷ್ಯರ ಮುಖವೇ ಇಲ್ಲ, ಬರೀ ಬಲೂನು, ಊದಿದ ಬಲೂನಿಗೆ ನೊರೆ ಬಳಿದು ಅದು ಒಡೆಯದ ಹಾಗೆ ಕೆರೆಯಬೇಕು, ಇವನು ಹದಿನೆಂಟು ಒಡೆದ, ಒಂದೊಂದು ಢಬ್ ಅಂದಾಗಲೂ ಬಾಗಿಲಲ್ಲಿದ್ದ ವಾರ್ಡರ್ ಬೆಚ್ಚಿಬಿದ್ದು ಲಾಠಿ ಹುಡುಕುತ್ತಿದ್ದ, ಬ್ಯಾರಕ್ಕಿಗೆ ಬ್ಯಾರಕ್ಕೇ ನಗುತ್ತಿತ್ತು, ಇವನಿಗೆ ಬಲೂನು ಅಂತಲೇ ಹೆಸರು ಬಿತ್ತು, ಹತ್ತೊಂಬತ್ತನೆಯದು ಒಡೆಯಲಿಲ್ಲ, ಮೇಷ್ಟ್ರು ಅದನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಎಳೇ ಕೂಸಿನ ಕೆನ್ನೆ ಇದ್ದಂಗಿದೆಯಲ್ಲೋ ಕಳ್ಳ ಅಂದರು, ಕಳ್ಳ ಅಲ್ಲ ಮೇಷ್ಟ್ರೇ, ನಂದು ಬೇರೆ ಕೇಸು — ಅವತ್ತು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಆ ಲೆಕ್ಕ. ಒಳಗೆ ಪ್ರತಿ ತಲೆ ಮುಗಿದ ಕೂಡಲೇ ನೆಟ್ಟಗೆ ನಿಂತು, ಸಾಮಾನನ್ನು ಅಂಗೈ ಮೇಲಿಟ್ಟು ಎತ್ತಿ ಹಿಡಿದು ಕೂಗಬೇಕು, ಕತ್ತಿ ಒಂದು, ಕತ್ತರಿ ಎರಡು, ಲೆಕ್ಕ ಸರಿ ಸಾರ್, ವಾರ್ಡರ್ ಬೀಗದ ಕೈಗೊಂಚಲನ್ನು ಝಲ್ಲೆನಿಸಿಕೊಂಡು ಬಂದು ನೋಡಿ ಹೂಂ ಅನ್ನುವವರೆಗೆ ಕೈ ಇಳಿಸುವಂತಿಲ್ಲ, ಐದು ವರ್ಷ, ದಿನಕ್ಕೆ ಇಪ್ಪತ್ತು ಸಲ, ಅದೊಂದು ಚಟವೇ ಆಗಿಹೋಯಿತು.

ಆ ಕತ್ತಿಗಿಂತ ಮೊದಲು ಇನ್ನೊಂದು ಚಾಕು, ಲೋಡಿಂಗ್ ಯಾರ್ಡಿನ ಜಗಳ, ಕೈಗೆ ಸಿಕ್ಕಿದ ಹಗ್ಗ ಕೊಯ್ಯುವ ಚಾಕು, ಜೊತೆ ಕೆಲಸದವನ ಕೆನ್ನೆಯಿಂದ ಭುಜದವರೆಗೆ — ಅವನು ಉಳಿದುಕೊಂಡ, ದೇವರು ದೊಡ್ಡವನು, ಇವನಿಗೆ ಏಳು ವರ್ಷ. ತೀರ್ಪಿನ ದಿನ ಕೋರ್ಟಿನ ವರಾಂಡದಲ್ಲಿ ಅಪ್ಪನ ಗಂಟಲ ಗಂಟು ಮೇಲೆ ಹೋಯಿತು, ಕೆಳಗೆ ಬಂತು, ಎಷ್ಟು ಸಲವೋ, ಕೊನೆಗೆ ಹೊರಬಿದ್ದದ್ದು ಒಂದೇ ಮಾತು, ಅದೂ ಅಮ್ಮನ ಕಡೆ ತಿರುಗಿ, ಇವನು ವಾಪಸ್ ಬಂದ್ರೂ ಇವನ ಕೈಗೆ ತರಕಾರಿ ಹೆಚ್ಚೋ ಚಾಕೂನೂ ಕೊಡ್ಬೇಡ. ಅಮ್ಮ ತಿಂಗಳಿಗೊಮ್ಮೆ ತಪ್ಪದೆ ಬಂದಳು, ಅಪ್ಪ ಒಂದು ಸಲವೂ ಬರಲಿಲ್ಲ, ಬಿಡುಗಡೆಯಾದ ಮೇಲೂ ಮನೆ ಕಡೆ ಹೋಗಲು ಇವನಿಗೆ ಕಾಲೇ ಬರಲಿಲ್ಲ, ಹೊರಬಂದವರಿಗೆ ಕೆಲಸ ಹುಡುಕಿಕೊಡುವ ಸಂಸ್ಥೆಯ ಹಾಸ್ಟೆಲಿನಲ್ಲೇ ಒಂದು ಮಂಚ, ಆ ಸಂಸ್ಥೆಯ ಮೇಡಂ ಹತ್ತು ಅಂಗಡಿ ಸುತ್ತಿ, ಹತ್ತು ಕಡೆ ಬೇಡ ಅನ್ನಿಸಿಕೊಂಡು, ಹನ್ನೊಂದನೆಯದರಲ್ಲಿ ಈ ಯಜಮಾನರನ್ನು ಒಪ್ಪಿಸಿದರು, ಮೂರು ತಿಂಗಳು ನೋಡ್ತೀನಮ್ಮ, ಎಲ್ಲಿಂದ ಬಂದೋನು ಅಂತ ಗೊತ್ತಾಗಿ ಗಿರಾಕಿಗಳು ಎದ್ದು ಹೋದ್ರೆ ಮಾತ್ರ ನನ್ನನ್ನ ಕೇಳ್ಬೇಡಿ, ಅವತ್ತೇ ಕುರ್ಚಿ ಖಾಲಿ ಮಾಡ್ಬೇಕು. ಆ ಮೂರು ತಿಂಗಳು ಇವತ್ತಿಗೆ ಮುಗಿಯುತ್ತದೆ, ಸಂಜೆ ಮೇಡಂ ಬರುತ್ತಾರೆ, ಯಜಮಾನರು ರುಜು ಹಾಕಿದರೆ ಈ ಕುರ್ಚಿ ಕಾಯಂ, ಬೆಂಚಿನ ಮೇಲೆ ಇನ್ನು ಮೂವರು — ಅದರಲ್ಲಿ ಮೂಲೆಯಲ್ಲಿ ಪೇಪರಿನ ಹಿಂದೆ ಕೂತ ಮುದುಕ ಒಬ್ಬ, ಬೆಳಗ್ಗೆಯಿಂದ ಅದೇ ಪುಟ, ಸರದಿ ಬಂದಾಗಲೆಲ್ಲ ಪೇಪರು ಅಲ್ಲಾಡಿಸಿ ಪಕ್ಕದವರನ್ನು ಮುಂದೆ ಕಳಿಸುತ್ತಾನೆ, ಓದುತ್ತಾನೋ ನಿದ್ದೆ ಹೊಡೆಯುತ್ತಾನೋ.

ಕೊನೆಯ ಸಲ ಕತ್ತಿ ಆಡಿತು, ಗುಳಿಯೊಳಗಿನ ಸುಳಿಯೂ ಹೋಯಿತು, ಒಂದು ಹನಿ ರಕ್ತವಿಲ್ಲ, ಗಿರಾಕಿ ಗದ್ದ ಸವರಿಕೊಂಡು, ಭೇಷ್ ಕಣಪ್ಪಾ, ಇಪ್ಪತ್ತು ವರ್ಷದಲ್ಲಿ ಈ ಗುಳಿ ನುಣ್ಣಗಾಗಿದ್ದು ಇವತ್ತೇ, ಎದೆ ಇಷ್ಟಗಲ ಉಬ್ಬಿತು, ಮೇಷ್ಟ್ರೇ ನೋಡಿದಿರಾ, ಬಲೂನು ಒಡೆಯಲಿಲ್ಲ — ಅದೇ ಹೊತ್ತಿಗೆ ಗಿರಾಕಿ ಜೇಬಿನಿಂದ ಬೀಗದ ಕೈಗೊಂಚಲು ತೆಗೆದು ಕನ್ನಡಿಯ ಮುಂದಿನ ಹಲಗೆಯ ಮೇಲೆ ಇಟ್ಟರು, ಝಲ್ ಅಂದದ್ದೇ ತಡ, ಕಾಲು ಜೋಡಿಯಾಯಿತು, ಬೆನ್ನು ನೆಟ್ಟಗಾಯಿತು, ಎರಡೂ ಕೈ ಮೇಲಕ್ಕೆ, ಕತ್ತಿ ಒಂದು, ಕತ್ತರಿ ಎರಡು, ಲೆಕ್ಕ ಸರಿ ಸಾರ್! ಅಯ್ಯೋ. ಅಯ್ಯಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ. ಬೆಂಚಿನ ಮೇಲಿದ್ದ ದಪ್ಪ ಮೀಸೆಯವನು, ಇದು ಜೈಲಿನ ಕೂಗಲ್ವೇನ್ರೀ, ನಮ್ಮ ಭಾವ ಅಲ್ಲೇ ವಾರ್ಡರ್ ಆಗಿದ್ರು, ನಂಗೊತ್ತಿಲ್ವಾ, ಅನ್ನುತ್ತಾ ಎದ್ದ, ಪಕ್ಕದವನೂ ಎದ್ದ, ಯಜಮಾನರ ಕತ್ತರಿ ಗಾಳಿಯಲ್ಲೇ ನಿಂತಿತು, ಮುಗಿಯಿತು, ಕುರ್ಚಿ ಹೋಯಿತು, ಮಿಲಿಟರಿಯಲ್ಲಿದ್ದೆ ಅಂದುಬಿಡಲೇ, ಸುಳ್ಳು ನಾಲಿಗೆಯ ತುದಿಗೆ ಬಂದಿದೆ, ಬೇಡ, ಕಳ್ಳತನದಿಂದ ತಂದ ಕೆಲಸವಾ ಇದು, ಹದಿನೆಂಟು ಬಲೂನು ಒಡೆದು ಕಲಿತದ್ದು — ಹೌದು, ಜೈಲಲ್ಲೇ ಕಲ್ತಿದ್ದು, ಅಂದ, ದೊಡ್ಡದಾಗಿಯೇ ಅಂದ, ಕೈ ಇನ್ನೂ ಮೇಲೇ ಇತ್ತು, ಯಾರೂ ಹೂಂ ಅನ್ನಲಿಲ್ಲವಲ್ಲ.

ಹೂಂ, ಲೆಕ್ಕ ಸರಿಯಾಗಿದೆ, ಕೈ ಇಳಿಸು. ಪೇಪರಿನ ಹಿಂದಿನಿಂದ ಬಂದ ದನಿ, ಯಾರ ದನಿ ಇದು, ಗೊತ್ತಿರುವ ದನಿ, ಪೇಪರು ಮಡಚಿಕೊಂಡಿತು, ಅಪ್ಪ. ಅಪ್ಪನಾ, ಅಪ್ಪನೇ, ಫೋನಿನಲ್ಲಿ ಕೇಳಿಕೊಂಡ ಈ ಅಂಗಡಿಯ ವಿಳಾಸ, ಜೈಲಿನ ಈ ಲೆಕ್ಕದ ಕೂಗು, ಅಮ್ಮ ಒಂದನ್ನೂ ಬಿಡದೆ ಎಲ್ಲ ಹೇಳಿಬಿಟ್ಟಿದ್ದಾಳೆ, ಮೂವತ್ತು ವರ್ಷ ಶಾಲೆಯ ಜವಾನನಾಗಿ ಗಂಟೆ ಬಾರಿಸಿದ ಅಪ್ಪ, ದಿನಾ ಬೆಳಗ್ಗೆ ಮನೆಯ ಕನ್ನಡಿಯ ಮುಂದೆ ತಾನೇ ಗಡ್ಡ ಹೆರೆದುಕೊಳ್ಳುತ್ತಿದ್ದ, ಇನ್ನೊಬ್ಬರ ಕೈಗೆ ಯಾವತ್ತೂ ಮುಖ ಕೊಡದ ಅಪ್ಪ, ಅವನ ಕೆನ್ನೆಯ ಮೇಲೆ ಒಂದು ವಾರದ ಬಿಳಿ ಗಡ್ಡ, ಬೇಕಂತಲೇ ಬಿಟ್ಟುಕೊಂಡು ಬಂದಿದ್ದಾನೆ, ಈ ಕುರ್ಚಿಗೆ ಅಂತಲೇ ಬೆಳೆಸಿಕೊಂಡು ಬಂದಿದ್ದಾನೆ. ಬಾಗಿಲವರೆಗೆ ಹೋದವರ ಕಡೆ ತಿರುಗಿದ, ಗಂಟೆ ಹೊಡೆದ ಮೇಲೂ ಅಂಗಳದಲ್ಲಿ ಆಡುವ ಮಕ್ಕಳನ್ನು ಗದರಿಸುವ ಅದೇ ದನಿ, ನನ್ನ ಮಗ ಕಣ್ರೀ ಇವನು, ತಪ್ಪು ಮಾಡ್ದ, ಏಳು ವರ್ಷ ಅನುಭವಿಸ್ದ, ಇವತ್ತು ಬೆಳಗ್ಗೆಯಿಂದ ಒಂಬತ್ತು ಜನಕ್ಕೆ ಗಡ್ಡ ಮಾಡಿದ್ದನ್ನ ನೋಡ್ತಾ ಕೂತಿದೀನಿ, ಒಬ್ಬರಿಗೂ ಒಂದು ಗೀರಿಲ್ಲ, ಈಗ ನನಗೆ ಮಾಡ್ತಾನೆ, ನೋಡ್ಕೊಂಡು ಆಮೇಲೆ ಹೋಗೋದಾದ್ರೆ ಹೋಗಿ. ಮೀಸೆಯವನು ಹೊಸ್ತಿಲಲ್ಲೇ ನಿಂತ, ಆಮೇಲೆ ಬೆಂಚಿನ ತುದಿಗೆ ಬಂದು ಕೂತ, ನರುಲಿಯ ಗಿರಾಕಿ ಕುರ್ಚಿ ಬಿಟ್ಟುಕೊಟ್ಟರು, ಯಜಮಾನರು ತಾವೇ ಬಟ್ಟೆ ಒದರಿ ಅಪ್ಪನ ಕುತ್ತಿಗೆಗೆ ಕಟ್ಟಿದರು, ಏನೋ ಮಿಕಮಿಕ ನೋಡ್ತೀಯಾ, ಹೊಸ ಬ್ಲೇಡು ಹಾಕು, ನಾಳೆಯಿಂದ ಈ ಕುರ್ಚಿ ಒರೆಸೋದೂ ನಿಂದೇ ಕೆಲಸ. ನೊರೆ ಈಗ ಸರಿಯಾಗಿ ಗಟ್ಟಿಯಾಗಿದೆ, ಬ್ರಷ್ಷಿನ ಕೆಳಗೆ ಅಪ್ಪನ ಕೆನ್ನೆ ಇಷ್ಟು ಒಳಗೆ ಹೋಗಿದೆಯಾ, ಯಾವಾಗ ಹೋಯಿತು, ತರಕಾರಿ ಹೆಚ್ಚೋ ಚಾಕೂನೂ ಕೊಡ್ಬೇಡ ಅಂದಿದ್ದೆಯಲ್ಲಪ್ಪ, ಕೈ ನಡುಗುತ್ತದಾ, ಇಲ್ಲ, ಒಂಚೂರೂ ಇಲ್ಲ, ಎಂಥ ಕೈ ನನ್ನದು, ಬಲಗೆನ್ನೆ ಆಯಿತು, ಎಡಗೆನ್ನೆ ಆಯಿತು, ಅಪ್ಪ ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಚೆಲ್ಲಿದ, ಗಂಟಲು ಪೂರ್ತಿ ಮೇಲೆತ್ತಿ ಕೊಟ್ಟ, ಬಿಳಿ ನೊರೆಯ ಕೆಳಗೆ ಗಂಟಲ ಗಂಟು ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಮೇಲೆ ಹೋಗುತ್ತದೆ — ಅಪ್ಪಾ, ಒಂದ್ಸಲ ನುಂಗು — ಏಳು ವರ್ಷದ ಮೇಲೆ ಆಡಿದ ಮೊದಲ ಮಾತು — ಗಂಟಲ ಗಂಟು ಏರಿತು, ಇಳಿಯಿತು, ನಿಂತಿತು —