ಅಟ್ಟದಿಂದ ಇಳಿಯಲಾರದವನು

ಪಾಳಿ ಮುಗಿದ ಸೈರನ್ ಕೂಗಿತು. ಟವರ್ ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಅಟ್ಟದಣ್ಣ ಸೀಟಿನಿಂದ ಏಳಲು ಹೋಗಿ ದೊಪ್ಪನೆ ಕೂತುಬಿಟ್ಟ. ಇನ್ನೊಂದು ಸಲ ಎದ್ದ. ಮಂಡಿ ಮಡಚಿಕೊಂಡಿತು. ಹಾಳಾದ್ದು ಇದೇನು ಬಂತಪ್ಪ ಎಂದು ತೊಡೆಗೆ ಗುದ್ದಿಕೊಂಡರೆ, ಗುದ್ದಿದ ಕಡೆ ಜೀವ ಹೋಗುವಷ್ಟು ನೋವು.

ಅಟ್ಟದಣ್ಣ ಅನ್ನುವುದು ಕೆಳಗಿನವರು ಇಟ್ಟ ಹೆಸರು. ಬೆಳಿಗ್ಗೆ ಏಣಿ ಹತ್ತಿ ಹೋದ ಅಂದರೆ ಸಂಜೆಯ ತನಕ ಅಲ್ಲೇ ಠಿಕಾಣಿ. ಮೂತ್ರಕ್ಕೆಂದು ಇಳಿದು ಹತ್ತುತ್ತ ಕೂತರೆ ಕಟ್ಟಡ ಏಳುವುದು ಯಾವಾಗ? ಅದಕ್ಕೇ ಕ್ರೇನಿನವರೆಲ್ಲ ಅಗಲ ಬಾಯಿಯ ಬಾಟಲಿಯೊಂದನ್ನು ಮೇಲೆ ಇಟ್ಟುಕೊಂಡಿರುತ್ತಾರೆ. ಅದರ ಅವಸರವೂ ಬೀಳದಿರಲಿ ಎಂದು ನೀರನ್ನು ಔಷಧಿಯಂತೆ ಗುಟುಕು ಗುಟುಕಾಗಿ ಕುಡಿಯುತ್ತಾರೆ. ನೀರಿಲ್ಲದೆ ದಿನ ತಳ್ಳುವುದರಲ್ಲಿ ನಮ್ಮ ಅಟ್ಟದಣ್ಣ ಎತ್ತಿದ ಕೈ. ಅದನ್ನೊಂದು ದೊಡ್ಡ ಸಾಧನೆಯೆಂದು ಹೇಳಿಕೊಂಡೂ ತಿರುಗುತ್ತಿದ್ದ, ಪುಣ್ಯಾತ್ಮ.

ಈಗ ಆ ಬಾಟಲಿ ಕಣ್ಣಿಗೆ ಬಿತ್ತು. ಮಧ್ಯಾಹ್ನ ಅದನ್ನು ಬಳಸಿದಾಗ ಕೆಲಸದ ಭರದಲ್ಲಿ ಬಣ್ಣ ನೋಡಿರಲಿಲ್ಲ. ಬೆಳಕಿಗೆ ಹಿಡಿದರೆ, ಅಯ್ಯೋ, ಹಾಲು ಹಾಕದ ಚಹಾದ ಬಣ್ಣ!

ಕೊಲೆಸ್ಟ್ರಾಲ್ ಮಾತ್ರೆ ಬರೆದುಕೊಟ್ಟಾಗಲೇ ಮನೆ ಹತ್ತಿರದ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. “ಸುಮ್ಮಸುಮ್ಮನೆ ಮೈಕೈ ನೋವು ಬಂದ್ರೆ, ಮೂತ್ರದ ಬಣ್ಣ ಕಪ್ಪಾದ್ರೆ ತಕ್ಷಣ ಬನ್ನಿ. ಬೇರೆ ಯಾವ ಡಾಕ್ಟರ ಹತ್ರ ಹೋದ್ರೂ ಈ ಮಾತ್ರೆ ವಿಷಯ ಮೊದಲು ಹೇಳಿ.” ಮಾತ್ರೆ ಚೆನ್ನಾಗಿ ಒಗ್ಗಿತ್ತು. ಆದರೆ ಹೆಂಡತಿಗೆ ಬಿಟ್ಟು ಇನ್ನೊಬ್ಬರಿಗೆ ಅವನು ಬಾಯಿ ಬಿಟ್ಟಿರಲಿಲ್ಲ. ರಕ್ತದಲ್ಲಿ ಏನೋ ದೋಷವಿದೆ ಅಂತ ಗೊತ್ತಾದರೆ ಕ್ರೇನಿನಿಂದ ಇಳಿಸಿ ಕೆಳಗೆ ಸಿಮೆಂಟು ಹೊರಲು ಹಾಕುತ್ತಾರೆ ಅನ್ನುವುದು ಕ್ರೇನಿನವರೆಲ್ಲರ ನಂಬಿಕೆ. ಅಟ್ಟ ಹೋದರೆ ತನಗೆ ಉಳಿಯುವುದೇನು? ನೆಲದ ಮೇಲೆ ತನ್ನನ್ನು ಕೇಳುವವರು ಯಾರು?

ಹೋದ ವಾರ ಕೆಮ್ಮು ಹಿಡಿದಾಗ ಕಂಪನಿಯ ಕ್ಲಿನಿಕ್ಕಿಗೆ ಹೋಗಿದ್ದ. ಆಂಟಿಬಯಾಟಿಕ್ ಬರೆಯುವ ಮುಂಚೆ ಅಲ್ಲಿನ ಡಾಕ್ಟರು ಕೇಳಿಯೇ ಕೇಳಿದ್ದರು, ಬೇರೆ ಮಾತ್ರೆ ಏನಾದರೂ ನಡೆಯುತ್ತಿದೆಯಾ ಎಂದು. ಪಕ್ಕದ ಕುರ್ಚಿಯಲ್ಲಿ ಸೇಫ್ಟಿ ಸಾಹೇಬರು ಕಾಲು ಮೇಲೆ ಕಾಲು ಹಾಕಿ ಕೂತಿದ್ದರು. “ಏನೂ ಇಲ್ಲ ಸಾರ್,” ಎಂದುಬಿಟ್ಟ. ಆವತ್ತಿನಿಂದ ಎರಡನ್ನೂ ಒಟ್ಟಿಗೆ ನುಂಗುತ್ತಿದ್ದ. ಮೊನ್ನೆ ತೊಡೆ ಹಿಡಿದುಕೊಂಡಾಗಲೂ ಸೀಟನ್ನು ಬೈದನೇ ಹೊರತು ಮಾತ್ರೆಯ ನೆನಪು ಬರಲಿಲ್ಲ.

ವಾಕಿಟಾಕಿ ಗೊರಗುಟ್ಟಿತು. ಕೆಳಗೆ ನಿಂತು ಕ್ರೇನಿಗೆ ಸನ್ನೆ ಕೊಡುವವನು ಅವನ ಹೆಂಡತಿಯ ತಮ್ಮನೇ.

“ಭಾವ, ಇಳೀತೀರೋ ಇಲ್ವೋ? ಅಕ್ಕ ಫೋನ್ ಮೇಲೆ ಫೋನ್ ಮಾಡ್ತಿದಾಳೆ.”

“ನೀನು ಹೊರಡು. ನಾನು ಆಮೇಲೆ ಬರ್ತೀನಿ.”

“ಅಲ್ಲೇನು ಮೊಟ್ಟೆ ಇಟ್ಟು ಕಾವು ಕೊಡ್ತಿದೀರಾ?”

ವಾಕಿಟಾಕಿ ಹಿಡಿದವರೆಲ್ಲ ನಕ್ಕಿದ್ದು ಅವನಿಗೂ ಕೇಳಿಸಿತು. ಅದೇ ದೊಡ್ಡ ಫಜೀತಿ. ಇಲ್ಲಿ ಆಡಿದ ಒಂದೊಂದು ಮಾತೂ ಮೇಸ್ತ್ರಿಯ ಕಿವಿಗೂ ಸೇಫ್ಟಿ ಸಾಹೇಬರ ಕಿವಿಗೂ ಬೀಳುತ್ತದೆ. ಹಾಳು ಮೊಬೈಲೋ, ಮೇಲೆ ತರಬಾರದೆಂಬ ನಿಯಮಕ್ಕೆ ಕೆಳಗಿನ ಪೆಟ್ಟಿಗೆಯಲ್ಲಿ ಬಿದ್ದಿದೆ.

ಹೇಗಾದರೂ ಇಳಿದುಬಿಡೋಣ ಎಂದು ನೆಲದ ಮುಚ್ಚಳ ತೆಗೆದು ಒಂದು ಕಾಲನ್ನು ಕೈಯಲ್ಲೇ ಎತ್ತಿ ಏಣಿಗೆ ಇಟ್ಟ. ಭಾರ ಬಿಡುತ್ತಿದ್ದಂತೆ ಕಾಲು ಗಡಗಡ ನಡುಗಿ ಜಾರಿತು. ಕಂಬಿ ಹಿಡಿದು ಜೋತಾಡಿದ. ತೋಳಿನಲ್ಲೂ ಕಸುವಿಲ್ಲ. ಕೆಳಗೆ ಏಣಿ ಸಣ್ಣಗಾಗುತ್ತ ಆಗುತ್ತ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಮೊಣಕೈ ಊರಿ ತೆವಳಿ ಮತ್ತೆ ಗೂಡಿಗೆ ಬಿದ್ದುಕೊಂಡಾಗ ಅವನಿಗೆ ಅಳುವೇ ಬಂತು. ಟನ್ನುಗಟ್ಟಲೆ ಕಬ್ಬಿಣವನ್ನು ಹೂವಿನಂತೆ ಇಳಿಸುವ ಯಂತ್ರ ಕೈಯಲ್ಲಿದೆ. ಅದಕ್ಕೆ ಜೋತುಬೀಳೋಣವೆಂದರೆ ಹಿಡಿಕೆ ಎಳೆಯುವವರು ಯಾರು?

ಹೇಳಿದರೆ ಅಟ್ಟ ಹೋಯಿತು. ಹೇಳದಿದ್ದರೆ ತಾನೇ ಹೋಗುವ ಹಾಗಿದೆ. ಕೊಂಚ ಹೊತ್ತು ಕೂತರೆ ಕಾಲಿಗೆ ಬಲ ಬಂದೀತೆಂದು ಕಾದ. ಬರಲಿಲ್ಲ. ಗಾಜಿನ ನಾಲ್ಕು ಗೋಡೆ ಹತ್ತಿರ ಹತ್ತಿರ ಸರಿದು ಬಂದಂತೆ ಅನಿಸಿತು.

“ಭಾವ,” ಭಾವಮೈದುನನ ದನಿಯಲ್ಲಿ ಈಗ ತಮಾಷೆಯಿರಲಿಲ್ಲ. “ನಿಜ ಹೇಳಿ. ಏನಾಗಿದೆ?”

ಅಟ್ಟದಣ್ಣ ಗುಂಡಿ ಒತ್ತಿದ. “ಇಳಿಯೋಕಾಗ್ತಿಲ್ಲ ಕಣೋ. ಕಾಲು ಸತ್ತುಹೋಗಿದೆ. ಮೂತ್ರ ಚಹಾ ತರ ಆಗಿದೆ. ನಾನು ಕೊಲೆಸ್ಟ್ರಾಲ್ ಮಾತ್ರೆ ತಗೊಳ್ತೀನಿ. ಕ್ಲಿನಿಕ್ಕಲ್ಲಿ ಸುಳ್ಳು ಹೇಳಿದ್ದೆ.”

ಭಾವಮೈದುನ ಕ್ಲಿನಿಕ್ಕಿಗೆ ಓಡಿದ. ಸ್ವಲ್ಪ ಹೊತ್ತಿಗೆ ವಾಕಿಟಾಕಿಯಲ್ಲಿ ಅಲ್ಲಿನ ಡಾಕ್ಟರ ದನಿ ಬಂತು. “ಏಣಿ ಮುಟ್ಟಬೇಡಿ. ಎರಡು ಮಾತ್ರೆನೂ ಇವತ್ತು ನುಂಗಬೇಡಿ. ಹತ್ರ ನೀರಿದ್ರೆ ಕುಡೀರಿ. ಜನ ಮೇಲೆ ಬರ್ತಿದಾರೆ.”

ಹಗ್ಗ ಕಟ್ಟಿ ಜನರನ್ನು ಇಳಿಸುವ ತಂಡದವರು ಹತ್ತಿ ಬಂದು ಅವನನ್ನು ಸ್ಟ್ರೆಚರಿಗೆ ಬಿಗಿದರು. ಮೂಟೆಯ ಹಾಗೆ ಕೆಳಗಿಳಿಯುವಾಗ ಅವನು ಕಣ್ಣು ಬಿಡಲಿಲ್ಲ. ನೆಲ ತಾಗಿದ ಮೇಲೆ ಬಿಟ್ಟರೆ ಡಾಕ್ಟರು ಬಗ್ಗಿ ನೋಡುತ್ತಿದ್ದರು.

“ನಿಮ್ಮ ಕೊಲೆಸ್ಟ್ರಾಲ್ ಮಾತ್ರೆ ಕೆಟ್ಟದ್ದಲ್ಲ ಕಣ್ರೀ. ಅದರ ಜೊತೆ ನಾನು ಕೊಟ್ಟ ಆಂಟಿಬಯಾಟಿಕ್ ಸೇರಬಾರದಿತ್ತು. ಒಂದು ಮಾತು ಹೇಳಿದ್ರೆ ಬೇರೆ ಕೊಡ್ತಿದ್ದೆ. ಈಗ ಸ್ನಾಯು ಕರಗಿ ಅದರ ಹೊರೆ ಕಿಡ್ನಿ ಮೇಲೆ ಬಿದ್ದಿದೆ ಅನಿಸುತ್ತೆ. ನೀರು ಬೇರೆ ಕುಡಿಯಲ್ಲ ನೀವು. ಕಿಡ್ನಿ ಎಷ್ಟು ಉಳಿದಿದೆ ಅಂತ ಆಸ್ಪತ್ರೆಗೆ ಹೋಗಿ ನೋಡಬೇಕು.”

ಸೇಫ್ಟಿ ಸಾಹೇಬರೂ ಅಲ್ಲೇ ನಿಂತಿದ್ದರು. “ಯಾಕ್ರೀ ಮುಚ್ಚಿಟ್ರಿ?”

“ಗೊತ್ತಾದ್ರೆ ಕ್ರೇನಿಂದ ಇಳಿಸ್ತೀರಿ ಅಂತ.”

“ಕೊಲೆಸ್ಟ್ರಾಲ್ ಮಾತ್ರೆಗಾ?” ಸಾಹೇಬರು ಅವನ ಮುಖವನ್ನೇ ನೋಡಿದರು. “ಅಂಥ ನಿಯಮನೇ ಇಲ್ವಲ್ಲ. ನಾನೇ ಎಷ್ಟು ಜನಕ್ಕೆ ಫಿಟ್‌ ಅಂತ ಸಹಿ ಹಾಕಿದೀನಿ. ಯಾರು ಹೇಳಿದ್ದು ನಿಮಗೆ?”

ಅಟ್ಟದಣ್ಣ ಹೇಳಲು ಬಾಯಿ ತೆರೆದ. ಎದುರಿನ ಕ್ರೇನಿನವನೇ? ಅವನೂ ಯಾರೋ ಅಂದದ್ದನ್ನು ಅಂದವನು. ಮೇಸ್ತ್ರಿಯೇ? ಮೇಸ್ತ್ರಿ ಆ ಮಾತೇ ಎತ್ತಿರಲಿಲ್ಲ. ಎಷ್ಟು ತಡಕಾಡಿದರೂ ಒಂದು ಮುಖ ಸಿಗಲಿಲ್ಲ. ಸ್ಟ್ರೆಚರನ್ನು ಆಂಬುಲೆನ್ಸಿಗೆ ತಳ್ಳಿದರು. ಅವನು ಬಿಕ್ಕಿ ಬಿಕ್ಕಿ ಅಳತೊಡಗಿದ.

ಭಾವಮೈದುನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡ. “ತುಂಬಾ ನೋವಾ ಭಾವ?”

“ಕ್ರೇನಿಂದ ಇಳಿಸ್ತಾರೆ ಅಂತ ಯಾರೂ ಹೇಳಿರ್ಲಿಲ್ಲ ಕಣೋ,” ಎಂದ ಅಟ್ಟದಣ್ಣ. “ಯಾರೂ ಹೇಳೇ ಇರ್ಲಿಲ್ಲ.”