ಕಾವೇರಿಯ ತಳದ ಹಿತ್ತಾಳೆ ನವಿಲು

ಬಿದಿರೇ ಇರಬೇಕು. ಬಿದಿರಾದರೆ ಇಷ್ಟು ನೆಟ್ಟಗೆ, ಇಷ್ಟು ಕಪ್ಪಗೆ ಯಾಕಿದೆ? ನೀರು ಕಣ್ಣಿಗೆ ಮೋಸ ಮಾಡುತ್ತದೆ ಎಂದು ಬೊಳ್ಳಪ್ಪ ಹೇಳಿದ್ದನಲ್ಲ.

ದೇರಪ್ಪ ಬೋರಲಾಗಿ ತೇಲುತ್ತ, ಬಾಯಲ್ಲಿ ಕಚ್ಚಿದ ರಬ್ಬರ್ ಕೊಳವೆಯಿಂದ ಉಸಿರೆಳೆದು ಮತ್ತೆ ನೋಡಿದ.

ಬೊಳ್ಳಪ್ಪ ಅವನ ಹೆಂಡತಿ ನೀಲಾವತಿಯ ತಮ್ಮ, ನೌಕಾದಳದವನು. ರಜೆಗೆ ಬರುವಾಗ ಅಂಡಮಾನಿನಿಂದ ಗಾಜಿನ ಮುಖವಾಡವನ್ನೂ ಕೊಳವೆಯನ್ನೂ ತಂದಿದ್ದ. ಅಲ್ಲಿ ಭಾನುವಾರ ಬಂತೆಂದರೆ ದೋಣಿಯಲ್ಲಿ ಪುಟ್ಟ ದ್ವೀಪಗಳಿಗೆ ಹೋಗಿ, ಸಂಜೆಯವರೆಗೂ ಹವಳದ ಸಂದಿನ ಮೀನು ನೋಡುತ್ತಾರಂತೆ. "ನಮ್ಮಲ್ಲೂ ದ್ವೀಪ ಉಂಟಲ್ಲ ಭಾವ" ಎಂದು ಎಲ್ಲರನ್ನೂ ಕುಶಾಲನಗರಕ್ಕಿಂತ ಮೇಲೆ ಕಾವೇರಿಯ ನಡುಗಡ್ಡೆಗೆ ಹೊರಡಿಸಿದ್ದ. ಕೊಡಗು ಮೈಸೂರಿಗೆ ಸೇರಿ ಐದಾರು ವರ್ಷವಾಗಿತ್ತು. ಆ ಬೇಸಿಗೆ ಹೊಳೆ ತಿಳಿಯಾಗಿತ್ತು.

ದಾಟಿಸಲು ಇದ್ದದ್ದು ಚೋಮನ ತೆಪ್ಪ ಒಂದೇ. ಚೋಮ ಮೊದಲು ದೇರಪ್ಪನ ಮಾವ ಪದ್ಮಯ್ಯನವರ ಎಸ್ಟೇಟಿನ ಕಾವಲುಗಾರ. ಒಂದು ವರ್ಷ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಮುನ್ನಾದಿನ, ಪೂಜೆಗಿಡಬೇಕಿದ್ದ ಮನೆತನದ ಕೋವಿ ಕಾಣೆಯಾಯಿತು. ಜಗಲಿಯಲ್ಲಿ ಒರಗಿಸಿದ್ದೆ, ಆಗ ಅಲ್ಲಿದ್ದವನು ಚೋಮ ಒಬ್ಬನೇ ಎಂದರು ಮಾವ. ಚೋಮನನ್ನು ಹೊಡೆದು ಕೂಲಿಗಳ ಲೈನುಮನೆಯಿಂದ ಹೊರಹಾಕಿದರು. ಮತ್ತೆ ಯಾವ ಎಸ್ಟೇಟೂ ಅವನಿಗೆ ಕೆಲಸ ಕೊಡಲಿಲ್ಲ. ಆಮೇಲೆ ಪ್ರತಿ ಹಬ್ಬಕ್ಕೂ ಮಾವ ಕೋವಿಗಳ ಸಾಲಿನ ಆ ಖಾಲಿ ಜಾಗದಲ್ಲಿ ಹೂವಿಟ್ಟು, ದೀಪದ ಮುಂದೆ, "ಕದ್ದವನ ಕೈ ಒಣಗಲಿ" ಎನ್ನುವರು. ದೇರಪ್ಪನೂ ಪಕ್ಕದಲ್ಲಿ ಕೈಮುಗಿಯುತ್ತಿದ್ದ.

ಬೆಳಿಗ್ಗೆ ತೆಪ್ಪದಲ್ಲಿ ಮಾವ ಚೋಮನಿಗೆ ಬೆನ್ನು ಹಾಕಿ ಕೂತಿದ್ದರು. ಮುಖವಾಡ ನೋಡಿ ಚೋಮನೇ ನಕ್ಕಿದ್ದ: "ಅಡಿಯಲ್ಲಿ ಕಳ್ಳರು ಯಾರಾದ್ರೂ ಸಿಕ್ಕಿದ್ರೆ ಹೇಳಿ ಅಯ್ಯ, ನಂಗೂ ಒಂದು ಜೊತೆಯಾಗ್ಲಿ."

ನಡುಗಡ್ಡೆಯಲ್ಲಿ ಇಳಿದ ಮೇಲೆ ಮಾವ ಆಡಿದ್ದು ಒಂದೇ ಮಾತು. "ಕೆಳಗಿನ ಗುಂಡಿ ಕಡೆ ಹೋಗ್ಬೇಡ ದೇರಪ್ಪ. ಸುಳಿ ಉಂಟು."

ಮೀನಿನ ಹಿಂಡಿನ ಹಿಂದೆ ತೇಲುತ್ತ ಅವನು ಅಲ್ಲಿಗೇ ಬಂದಿದ್ದ. ಸುಳಿ ಇರಲಿಲ್ಲ. ನೀರು ಬಟ್ಟಲಿನಲ್ಲಿಟ್ಟ ಹಾಗೆ ನಿಂತಿತ್ತು.

ಉಸಿರು ಹಿಡಿದು ಮುಳುಗಿ, ಪಾಚಿಯನ್ನು ಬೆರಳಿಂದ ಒರೆಸಿದ. ಮರದ ಹಿಡಿಯಲ್ಲಿ ಕೂರಿಸಿದ್ದ ಹಿತ್ತಾಳೆಯ ನವಿಲು ಹಸಿರುಗಟ್ಟಿ ಅವನನ್ನೇ ನೋಡಿತು. ಆ ನವಿಲಿಗೆ ಮದುವೆಯ ವರ್ಷದ ಕೋವಿಪೂಜೆಯಲ್ಲಿ ಅವನೇ ಕುಂಕುಮ ಹಚ್ಚಿದ್ದ.

ನೀರು ಬಾಯಿಗೆ ನುಗ್ಗಿತು. ಕೋವಿ ಕಾಣೆಯಾದ ಆ ಸಂಜೆ ಮಾವ ಹೊಳೆಯ ಕಡೆ ಹಕ್ಕಿ ಬೇಟೆಗೆ ಹೋಗಿ, ಸೊಂಟದವರೆಗೆ ಒದ್ದೆಯಾಗಿ ಬಂದದ್ದು ನೆನಪಾಯಿತು. ಹಿರಿಯರ ಕೋವಿಯನ್ನು ಕೈಜಾರಿ ಹೊಳೆಗೆ ಬೀಳಿಸಿದೆ ಎಂದು ಕುಟುಂಬದೆದುರು ಹೇಳುವುದಕ್ಕಿಂತ ಅವರಿಗೆ ಚೋಮ ಸುಲಭವಾಗಿದ್ದ. ಹಾಗಾದರೆ ಆ ಶಾಪ? ದೀಪದ ಮುಂದೆ, ತಮ್ಮ ಕೈಗೆ ತಾವೇ?

ದಡಕ್ಕೆ ಬಂದಾಗ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಬಿದಿರ ನೆರಳಲ್ಲಿ ತುಂಬು ಬಸುರಿ ನೀಲಾವತಿ ಅಪ್ಪನ ಎಲೆಗೆ ರೊಟ್ಟಿ ಬಡಿಸುತ್ತಿದ್ದಳು.

"ಬಿಸಿಲಲ್ಲೂ ಚಳಿಯಾ ಭಾವ? ನೀವು ಕಾಲೇಜು ಓದಿದವರೇ ಹೀಗೆ" ಎಂದ ಬೊಳ್ಳಪ್ಪ.

ಮಾವ ರೊಟ್ಟಿ ಮುರಿಯಲಿಲ್ಲ. "ಗುಂಡಿ ಕಡೆ ಹೋಗಿದ್ಯಾ?"

ದೇರಪ್ಪ ಮುಖವಾಡದ ನೀರು ಚೆಲ್ಲಿದ. ಮಾವ ಮಗಳತ್ತ ನೋಡಿದರು, ಮತ್ತೆ ಅವನತ್ತ ನೋಡಿದರು. ಆ ನೋಟದಲ್ಲಿ ಬೇಡಿಕೆಯಿತ್ತು. ಅದನ್ನು ನೋಡಬಾರದಿತ್ತು ಎನಿಸಿತು ಅವನಿಗೆ.

ತೆಪ್ಪದ ಬಳಿ ಕೂತಿದ್ದ ಚೋಮ ಬೀಡಿ ಕೆಳಗಿಳಿಸಿ ಕೇಳಿದ: "ಎಂತ ಕಂಡ್ತು ಅಯ್ಯ ಅಡಿಯಲ್ಲಿ?"

"ಮೀನು" ಎಂದ ದೇರಪ್ಪ.

"ಅಷ್ಟೇಯಾ? ಅದು ಮೇಲಿಂದ್ಲೂ ಕಾಣ್ತದಲ್ಲ."

ಚೋಮ ಅದಾದ ಮೇಲೂ ಬಹುಕಾಲ ಅದೇ ಗುಂಡಿಯ ಮೇಲೆ ತೆಪ್ಪ ನಡೆಸಿದ. ಕೋವಿ ಇಲ್ಲೇ ಇದೆ, ನೀನು ಕದ್ದಿಲ್ಲ ಎಂದು ದೇರಪ್ಪ ಅವನಿಗೆ ಎಂದೂ ಹೇಳಲಿಲ್ಲ.