ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ

ಹಲ್ಲಿನ ಡಾಕ್ಟರಮ್ಮನಿಗೆ ಹಳೆಯ ಸಿನಿಮಾಗಳ ಬಗ್ಗೆ ಇದ್ದಷ್ಟು ಖಚಿತವಾದ ಅಭಿಪ್ರಾಯ ಹಲ್ಲುಗಳ ಬಗ್ಗೆಯೂ ಇರಲಿಲ್ಲ. ಹಲ್ಲಿನ ವಿಷಯದಲ್ಲಾದರೆ ಎಕ್ಸ್‌ರೇ ತೆಗೆಸಿ, ತಟ್ಟಿ, ಒಂದೆರಡು ದಿನ ಕಾದು ನೋಡೋಣ ಎನ್ನುವವಳು, ಸಿನಿಮಾದ ಮಾತು ಬಂದರೆ ಕಡ್ಡಿ ಮುರಿದಂತೆ ತೀರ್ಪು ಕೊಟ್ಟುಬಿಡುತ್ತಿದ್ದಳು. ಊಟವಾದ ಮೇಲೆ ಒಂದು ಕಪ್ಪು-ಬಿಳುಪು ಸಿನಿಮಾ ನೋಡುವುದು, ಮರುದಿನ ಕ್ಲಿನಿಕ್ಕಿಗೆ ಬಂದು ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರಿಗೆ ಅದರ ಗುಣದೋಷಗಳನ್ನು ಬಿಡಿಸಿ ಹೇಳುವುದು. ಮಲಗಿದವರ ಬಾಯಲ್ಲಿ ಹತ್ತಿ, ಹತ್ತಿಯ ಪಕ್ಕ ಎಂಜಲು ಹೀರುವ ಕೊಳವೆ, ಕೊಳವೆಯ ಪಕ್ಕ ಅವಳದೇ ಎರಡು ಬೆರಳು. ಎದುರುತ್ತರ ಎಲ್ಲಿಂದ ಬರಬೇಕು? "ಆಂ" ಅಂದರೆ ಒಪ್ಪಿದರು ಎಂದು ಅವಳ ಲೆಕ್ಕ. "ಊಂ" ಅಂದರೆ ಮನಸಾರೆ ಒಪ್ಪಿದರು ಎಂದು.

ಅಭಿಪ್ರಾಯಗಳೂ ಹಲ್ಲಿನ ದಾರಿಯಲ್ಲೇ ಬರುತ್ತಿದ್ದವು. "ಹಳೇ ಸಿನಿಮಾ ಯಾಕೆ ಚೆನ್ನಾಗಿರುತ್ತೆ ಗೊತ್ತಾ? ಅದರಲ್ಲಿ ಒಬ್ಬೊಬ್ಬರದೂ ಅವರವರ ಹಲ್ಲು. ಆ ದೋಣಿ ಸಿನಿಮಾದ ಹೀರೋಯಿನ್ ನೋಡಿ, ಕೋರೆಹಲ್ಲು ಸ್ವಲ್ಪ ಮುಂದಕ್ಕಿದೆ. ನಕ್ಕರೆ ಅವಳೇ ನಕ್ಕ ಹಾಗಿರುತ್ತೆ. ಈಗಿನವರು ನಕ್ಕರೆ ಯಾರು ನಕ್ಕರು ಅಂತಾನೇ ಗೊತ್ತಾಗಲ್ಲ. ಎಲ್ಲಾ ಒಂದೇ ಅಚ್ಚು. ಇನ್ನೂ ಸ್ವಲ್ಪ ಬಾಯಿ ತೆರೀರಿ."

ಹಾಗೆಂದು ಅವಳು ಕೆಟ್ಟ ಡಾಕ್ಟರಲ್ಲ. ಕೈ ಬಲು ಹಗುರ. ಕೆಲಸ ಶುರು ಮಾಡುವ ಮುನ್ನ ಮಕ್ಕಳಿಗೂ ಮುದುಕರಿಗೂ ತಪ್ಪದೆ ಒಂದು ಮಾತು ಹೇಳುತ್ತಿದ್ದಳು: "ನೋವಾದ್ರೆ ಎಡಗೈ ಎತ್ತಿ. ಏನೇ ಆಗಲಿ ನಿಲ್ಲಿಸ್ತೀನಿ." ನಿಲ್ಲಿಸುತ್ತಲೂ ಇದ್ದಳು. ಕೊರೆಯುವ ಯಂತ್ರವನ್ನಷ್ಟೇ ಅಲ್ಲ, ಎಂಥ ರಸವತ್ತಾದ ಘಟ್ಟದಲ್ಲಿದ್ದರೂ ಮಾತನ್ನೂ ನಿಲ್ಲಿಸುತ್ತಿದ್ದಳು. ಆ ಒಂದು ನಿಯಮಕ್ಕೆ ಅವಳು ತಲೆಬಾಗಿದಷ್ಟು ಬೇರೆ ಯಾವುದಕ್ಕೂ ತಲೆಬಾಗಿದ್ದನ್ನು ಕ್ಲಿನಿಕ್ಕಿನ ನರ್ಸಮ್ಮ ಕಂಡಿರಲಿಲ್ಲ.

ಇಷ್ಟೊಂದು ಜನ ಒಪ್ಪುವಾಗ ಒಬ್ಬಳ ಒಪ್ಪಿಗೆ ಮಾತ್ರ ಡಾಕ್ಟರಮ್ಮನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆ ಒಬ್ಬಳು ಅವಳ ಒಡಹುಟ್ಟಿದ ಅಕ್ಕ.

ಅಕ್ಕನಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಗಾಜಿನ ಕೋಣೆಯಲ್ಲಿ ಕೂತು ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುವುದು. ಅವಳ ದನಿ ಕೇಳಿದರೆ ಓಡುತ್ತಿದ್ದವರೂ ನಿಂತು ಕೇಳಬೇಕು, ಅಷ್ಟು ಸ್ಪಷ್ಟ, ಅಷ್ಟು ನಿಧಾನ. ಚಿಕ್ಕವರಿದ್ದಾಗ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಟೀವಿಯಲ್ಲಿ ಬಂದ ಹಳೆಯ ಸಿನಿಮಾಗಳನ್ನೆಲ್ಲ ನೋಡಿದವರು. ಒಂದರ ಹೆಸರೂ ನೆನಪಿಡುತ್ತಿರಲಿಲ್ಲ. ದೋಣಿ ಸಿನಿಮಾ, ಛತ್ರಿ ಸಿನಿಮಾ, ಕತ್ತೆ ಸಿನಿಮಾ ಎಂದು ತಾವೇ ನಾಮಕರಣ ಮಾಡಿಕೊಂಡಿದ್ದರು. ನೋಡಿ ಮುಗಿದ ಮೇಲೆ ಜಗಳ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ತಂಗಿ ಚೆನ್ನ ಎಂದದ್ದು ಅಕ್ಕನಿಗೆ ಸಪ್ಪೆ, ಅಕ್ಕ ಅತ್ತದ್ದಕ್ಕೆ ತಂಗಿಗೆ ನಗು. "ಸಿನಿಮಾ ಮುಗೀತು, ಇನ್ನು ನಿಮ್ಮಿಬ್ಬರದು ಶುರುವಾಯ್ತಾ?" ಎಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. "ಬಾಯಿ ಮುಚ್ಚು, ಗಿಣಿ" ಎನ್ನುತ್ತಿದ್ದಳು ಅಕ್ಕ. ಮಾತಿಗೆ ಮಾತು ಬೆಳೆಸುವ ತಂಗಿಗೆ ಅವಳಿಟ್ಟ ಹೆಸರು ಅದು. ಇಬ್ಬರಿಗೂ ಮದುವೆಯಾಯಿತು, ತಲೆಯಲ್ಲಿ ಬಿಳಿಗೂದಲು ಬಂತು, ಜಗಳ ಮಾತ್ರ ಫೋನಿನಲ್ಲಿ ಮುಂದುವರಿಯಿತು. ಡಾಕ್ಟರಮ್ಮನಿಗೆ ದಿನದ ಸುಖವೆಂದರೆ ಅದೇ.

ಆಮೇಲೆ ತಮ್ಮನ ಮನೆಯ ಊಟ ಬಂತು. ಮೇಜಿನ ಸುತ್ತ ಎರಡು ಕಡೆಯ ಬೀಗರು, ಮಕ್ಕಳು, ಡಾಕ್ಟರಮ್ಮನ ಅತ್ತೆ. ಅಕ್ಕ ಎಲ್ಲರಿಗೂ ಗಡಿಯಾರದ ಸಿನಿಮಾದ ಕಥೆ ಹೇಳುತ್ತಿದ್ದಳು. ಗಡಿಯಾರ ರಿಪೇರಿ ಮಾಡುವವನೊಬ್ಬನನ್ನು ಹೆಂಡತಿ ಬಿಟ್ಟು ಹೋಗುತ್ತಾಳೆ. ಎಷ್ಟೋ ವರ್ಷಗಳ ಮೇಲೆ, ಬೇರೊಂದು ಊರಿನಲ್ಲಿ, ಗಿರಾಕಿಗಳು ತುಂಬಿದ ಅಂಗಡಿಗೆ ಅವಳು ಕೆಟ್ಟ ಗಡಿಯಾರ ಹಿಡಿದು ಬರುತ್ತಾಳೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಆ ಗಡ್ಡದವನು ತನ್ನ ಗಂಡನೆಂದು ಅವಳಿಗೆ ತಿಳಿಯುವುದಿಲ್ಲ. ಅವನು ತಲೆಯೆತ್ತಿ ನೋಡುತ್ತಾನೆ, ತಲೆ ತಗ್ಗಿಸುತ್ತಾನೆ, ಗಡಿಯಾರ ಸರಿಮಾಡಿ ಕೊಡುತ್ತಾನೆ, ಅವಳು ಹೋಗುತ್ತಾಳೆ. "ಅವನಿಗೆ ಗುರುತು ಸಿಕ್ಕಿತ್ತು" ಎಂದಳು ಅಕ್ಕ, ಮೈಕಿನ ಮುಂದೆ ಹೇಳುವ ಅದೇ ನಿಧಾನದಲ್ಲಿ. ಮಕ್ಕಳು ಕೂಡ ತುತ್ತು ಹಿಡಿದು ಕೂತಿದ್ದರು.

"ಗುರುತೂ ಇಲ್ಲ, ಮಣ್ಣೂ ಇಲ್ಲ!" ಎಂದಳು ಡಾಕ್ಟರಮ್ಮ. "ಕಣ್ಣು ಕಾಣದ ಮುದುಕ ಅವನು. ಗಡಿಯಾರ ಬಿಟ್ಟು ಇನ್ನೇನೂ ನೋಡಿಲ್ಲ. ನಮ್ಮಕ್ಕನಿಗೆ ಸಾರಿನಲ್ಲಿ ಉಪ್ಪಿಲ್ಲದಿದ್ರೂ ನಡೆಯುತ್ತೆ, ಸಿನಿಮಾದಲ್ಲಿ ಕಣ್ಣೀರು ಮಾತ್ರ ಬೇಕೇ ಬೇಕು!"

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ನಕ್ಕು, ಎದ್ದು, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು ಒಳಗೆ ಹೋದಳು.

ಅದು ನಡೆದು ಮೂರು ವರ್ಷ. ಅಂದಿನಿಂದ ಅಕ್ಕ ಫೋನಿಗೆ ಸಿಗುತ್ತಿದ್ದಳು, ಕ್ಷೇಮ ಕೇಳುತ್ತಿದ್ದಳು, ಸಿನಿಮಾದ ಮಾತೆತ್ತಿದರೆ ಮಾತ್ರ ಒಂದೇ ಉತ್ತರ: "ನೀನು ಹೇಳಿದ ಮೇಲೆ ಸರಿಯೇ ಇರುತ್ತೆ." ಗಿಣಿ ಎಂಬ ಹೆಸರೂ ಹೋಯಿತು. ಡಾಕ್ಟರಮ್ಮ ಬೇಕೆಂದೇ ಕೆಣಕಿ ನೋಡಿದಳು. ಅಕ್ಕನಿಗೆ ಕಂಡರಾಗದ ಛತ್ರಿ ಸಿನಿಮಾವನ್ನು ಹೊಗಳಿ ಅಟ್ಟಕ್ಕೇರಿಸಿದಳು. "ಹೌದೇನೋ" ಎಂದಳು ಅಕ್ಕ. ದೋಣಿ ಸಿನಿಮಾದ ಹಾಡುಗಳು ಕಿವಿಗೆ ಹಿಂಸೆ ಎಂದಳು. "ಇರಬಹುದು" ಎಂದಳು ಅಕ್ಕ. ಹತ್ತಿಯ ಮೂಟೆಗೆ ಗುದ್ದಿದ ಹಾಗೆ. ಜಗಳವಾಡುವವಳಿಗೆ ಎದುರಾಳಿ ಸಿಗದಿದ್ದರೆ ಎಂಥ ಸಂಕಟ ಎಂದು ಡಾಕ್ಟರಮ್ಮನಿಗೆ ಆಗ ಗೊತ್ತಾಯಿತು. ಅಕ್ಕ ಒಂದೇ ಒಂದು ಸಲ "ನೀನು ಹೇಳೋದು ತಪ್ಪು" ಎಂದುಬಿಟ್ಟರೆ ಸಾಕಿತ್ತು. ಅಷ್ಟು ಮಾತ್ರ ಬೇಕಿತ್ತು ಅವಳಿಗೆ.

ಹೋದ ವಾರ ಗಡಿಯಾರದ ಸಿನಿಮಾವನ್ನು ಅವಳು ಮತ್ತೆ ನೋಡಿದಳು. ತನ್ನ ತೀರ್ಪು ಸರಿಯೆಂದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಲು ಕೂತವಳು ಆ ಘಟ್ಟ ಬಂದಾಗ ಎದ್ದು ಟೀವಿಯ ಹತ್ತಿರವೇ ಹೋದಳು. ಗಡ್ಡದವನ ಕಿವಿಯ ಕೆಳಗೆ ದವಡೆಯ ಮಾಂಸಖಂಡ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಉಬ್ಬುತ್ತಿತ್ತು. ಅವನು ಹಲ್ಲು ಕಚ್ಚಿ ಹಿಡಿದಿದ್ದ. ಗುರುತು ಸಿಗದವನು ಯಾರೋ ತಂದ ಗಡಿಯಾರಕ್ಕೆ ದವಡೆ ಬಿಗಿಯುತ್ತಾನೆಯೇ? ಆಗಲೇ ಫೋನ್ ಮಾಡಿ, "ಅಕ್ಕ, ನೀನು ಹೇಳಿದ್ದೇ ಸರಿ. ಅವನಿಗೆ ಗುರುತು ಸಿಕ್ಕಿತ್ತು" ಎಂದಳು. ಅತ್ತಲಿಂದ ಎಂದಿನ ಉತ್ತರವೇ ಬಂತು: "ಹೌದಾ? ನೀನು ಹೇಳಿದ ಮೇಲೆ ಸರಿಯೇ ಇರುತ್ತೆ." ಸೋತೆ ಎಂದು ಒಪ್ಪಿಕೊಂಡರೂ ಗೆದ್ದವಳು ಗೆಲುವನ್ನು ತೆಗೆದುಕೊಳ್ಳಲೊಲ್ಲಳು. ಡಾಕ್ಟರಮ್ಮನಿಗೆ ಅಂದು ಅಳುವೇ ಬಂದುಬಿಟ್ಟಿತು.

ಎರಡು ದಿನ ಬಿಟ್ಟು ಅಕ್ಕ ತಾನಾಗಿಯೇ ಕ್ಲಿನಿಕ್ಕಿಗೆ ಬಂದಳು. ಬಲಗಡೆಯ ಕೆಳದವಡೆಯ ಹಲ್ಲು ನೋವು. ಮೈಕಿನಲ್ಲಿ ಬಾಯಿ ತೆರೆದರೆ ಗಾಳಿ ತಾಗಿ ಜುಂ ಎನ್ನುತ್ತದಂತೆ.

"ಅಲ್ಲ, ಎಷ್ಟು ದಿನದಿಂದ ನೋವು?"

"ಇತ್ತು ಹೀಗೇ. ನೀನು ನೋಡಿ ಹೇಳು, ಹೇಗೆ ಹೇಳಿದ್ರೆ ಹಾಗೆ."

ಇಲ್ಲೂ ಅದೇ ರಾಗ! ಡಾಕ್ಟರಮ್ಮ ದೀಪ ತಿರುಗಿಸಿದಳು. ಹಿಂದೆಂದೋ ಹುಳುಕಿಗೆ ತುಂಬಿದ್ದ ಸಿಮೆಂಟಿನ ಅಡಿಯಲ್ಲಿ ಹಲ್ಲು ಬಿರುಕು ಬಿಟ್ಟಿತ್ತು. ಅಕ್ಕಪಕ್ಕದ ಹಲ್ಲುಗಳ ತಲೆ ಸವೆದು ಚಪ್ಪಟೆಯಾಗಿತ್ತು. ಇಂಥ ಹಲ್ಲುಗಳು ಅವಳಿಗೆ ಹೊಸದಲ್ಲ. ಹೇಳಬೇಕಾದ್ದನ್ನು ಹೇಳದೆ ದವಡೆ ಬಿಗಿಹಿಡಿದು ಮಲಗುವವರ ಬಾಯಲ್ಲಿ ದಿನಾ ನೋಡುತ್ತಿದ್ದಳು. ಅಕ್ಕನ ಬಾಯಲ್ಲಿ ಕಂಡಾಗ ಮಾತ್ರ ದೀಪವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದು ಮತ್ತೊಮ್ಮೆ ನೋಡಿದಳು.

"ಅಕ್ಕ, ಹಲ್ಲು ಕಚ್ತೀಯಾ ನೀನು?"

"ಆಂ" ಎಂದಳು ಅಕ್ಕ.

ಸೂಜಿಮದ್ದು ಕೊಟ್ಟು, ಅರ್ಧ ತುಟಿ ಮರಗಟ್ಟುವವರೆಗೆ ಕಾದು, ಎಲ್ಲರಿಗೂ ಹೇಳುವ ಮಾತನ್ನು ಅಕ್ಕನಿಗೂ ಹೇಳಿದಳು: "ನೋವಾದ್ರೆ ಎಡಗೈ ಎತ್ತು. ಏನೇ ಆಗಲಿ ನಿಲ್ಲಿಸ್ತೀನಿ." ನರ್ಸಮ್ಮ ಕೊಳವೆ ಹಿಡಿದಳು. ಯಂತ್ರ ಗುಂಯ್ ಎಂದಿತು. ಏನು ಮಾತಾಡಬೇಕೆಂದು ತೋಚದ ಡಾಕ್ಟರಮ್ಮನ ಬಾಯಿ ಅಭ್ಯಾಸಬಲದಿಂದ ತಾನೇ ಶುರುಮಾಡಿತು.

"ಆ ಗಡಿಯಾರದವನಿಗೆ ಗುರುತು ಸಿಕ್ಕಿತ್ತು ಅಂದೆನಲ್ಲ, ಹೇಗೆ ಗೊತ್ತಾಯ್ತು ಕೇಳು. ದವಡೆ! ಹಲ್ಲು ಕಚ್ಚಿ ಹಿಡಿದಿದ್ದ. ಅಷ್ಟಾದ್ಮೇಲೆ ಇನ್ನೇನು ಅನುಮಾನ? ಅವನಿಗೆ ಸಿಟ್ಟು. ಕೆಂಡದಂಥ ಸಿಟ್ಟು. ಬಿಟ್ಟು ಹೋದವಳು ಎದುರಿಗೇ ಬಂದು ನಿಂತಿದ್ದಾಳೆ..."

ಅಕ್ಕನ ಎಡಗೈ ಮೇಲೆದ್ದಿತು.

ಯಂತ್ರ ನಿಂತಿತು, ಮಾತೂ ನಿಂತಿತು. "ನೋವಾಯ್ತಾ? ಇರು, ಇನ್ನೊಂದು ಚೂರು ಮದ್ದು ಕೊಡ್ತೀನಿ." ಕೊಟ್ಟಳು. ಕಾದಳು. ತಟ್ಟಿ ನೋಡಿದಳು. ಏನೂ ಗೊತ್ತಾಗುತ್ತಿಲ್ಲ ಎಂದು ಅಕ್ಕ ತಲೆಯಾಡಿಸಿದಳು. ಮತ್ತೆ ಯಂತ್ರ, ಮತ್ತೆ ಮಾತು. ಕಷ್ಟದ ಭಾಗ ಮುಗಿಸಿ, ಯಂತ್ರದ ಮೊನೆ ಬದಲಿಸಲು ಡಾಕ್ಟರಮ್ಮ ತಟ್ಟೆಯ ಕಡೆ ತಿರುಗಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವಳದು. ಮೊಲ ಬದಲಾದರೂ ಕಾಲು ಮೂರೇ.

"ಬರೀ ಸಿಟ್ಟಲ್ಲ ಅಕ್ಕ, ಒಳಗೊಳಗೇ ಖುಷಿ ಬೇರೆ. ಇವಳಿಗೆ ಹೀಗೇ ಆಗ್ಬೇಕಿತ್ತು ಅಂತ. ಸುಮ್ಮನಿದ್ದೇ ಶಿಕ್ಷೆ ಕೊಟ್ಟ..."

"ಮೇಡಂ" ಎಂದಳು ನರ್ಸಮ್ಮ.

ತಿರುಗಿ ನೋಡಿದರೆ ಅಕ್ಕನ ಎಡಗೈ ಮತ್ತೆ ಮೇಲಿತ್ತು. ಬಾಯಲ್ಲಿ ಯಂತ್ರವಿಲ್ಲ, ಬೆರಳಿಲ್ಲ. ಮುಟ್ಟಿದವರೇ ಇಲ್ಲ, ನೋವೆಲ್ಲಿಂದ ಬರಬೇಕು? ಆ ಕೈ ಅಲುಗಾಡದೆ, ದಾರಿ ತೋರುವ ಕೈಮರದ ಹಾಗೆ ನೆಟ್ಟಗೆ ನಿಂತಿತ್ತು. ಅಕ್ಕನ ಕಣ್ಣು ತಂಗಿಯ ಮೇಲೆಯೇ ಇತ್ತು. ಚಾಪೆಯ ಮೇಲೆ ಕೂತಿದ್ದವಳ ಕಣ್ಣು ಅದು. ಮೂರು ವರ್ಷದಿಂದ ಕಾಣೆಯಾಗಿತ್ತು.

ಡಾಕ್ಟರಮ್ಮ ಯಂತ್ರದ ಮೊನೆಯನ್ನು ತಟ್ಟೆಗೆ ಹಾಕಿದಳು. ಕೊಳವೆ ತೆಗೆದಳು, ಹತ್ತಿ ತೆಗೆದಳು, ಕುರ್ಚಿಯನ್ನು ನೆಟ್ಟಗೆ ಮಾಡಿದಳು. "ಹೇಳು" ಎಂದಳು. "ಅಕ್ಕ, ದಮ್ಮಯ್ಯ, ಹೇಳು."

"ತಪ್ಪು" ಎಂದಳು ಅಕ್ಕ.

ಮರಗಟ್ಟಿದ ತುಟಿಯಿಂದ ಆ ಮಾತು ಸೊಟ್ಟಗೆ ಹೊರಬಂತು. ಊರಿಗೆಲ್ಲ ಬಸ್ಸು ಹೇಳುವವಳ ಬಾಯಿಂದ ಇಷ್ಟು ಅಸ್ಪಷ್ಟವಾದ ಮಾತು ಹಿಂದೆಂದೂ ಬಂದಿರಲಿಕ್ಕಿಲ್ಲ. ಡಾಕ್ಟರಮ್ಮನಿಗೆ ಇದಕ್ಕಿಂತ ಸಿಹಿಯಾದ ಮಾತು ಕೇಳಿದ ನೆನಪಿರಲಿಲ್ಲ.

"ಪೂರ್ತಿ ತಪ್ಪು. ಸಿಟ್ಟಂತೆ, ಖುಷಿಯಂತೆ! ಅಂಗಡಿ ತುಂಬ ಜನ ಇರ್ಲಿಲ್ವೇನೇ? ಅವನು ಬಾಯಿ ತೆಗೆದಿದ್ರೆ ಅಷ್ಟು ಜನರ ಮುಂದೆ ಅವಳ ಮುಖ ಎಲ್ಲಿಟ್ಕೋಬೇಕಿತ್ತು? ಅವಳ ಮರ್ಯಾದೆ ಕಾಯೋಕೆ ಹಲ್ಲು ಕಚ್ಚಿಕೊಂಡ ಕಣೇ. ಶಿಕ್ಷೆಯಂತೆ ಶಿಕ್ಷೆ!" ಅಕ್ಕ ಒರೆಸುವ ಕಾಗದದಿಂದ ತುಟಿ ಒರೆಸಿಕೊಂಡಳು. "ನಾನೂ ಅವತ್ತು ತಮ್ಮನ ಮನೇಲಿ ಬಾಯಿ ತೆಗೀಬಹುದಿತ್ತು. ಕಣ್ಣೀರು ನನಗೆ ಬೇಕಾ? ಕತ್ತೆ ಸಿನಿಮಾ ನೋಡಿ ಎರಡು ದಿನ ಊಟ ಬಿಟ್ಟವಳು ಯಾರು? ಆ ಕತ್ತೆ ಸತ್ತಿಲ್ಲ, ಬರೀ ನಿದ್ದೆ ಮಾಡಿದೆ ಅಂತ ಅಪ್ಪ ಸುಳ್ಳು ಹೇಳಿ ಅನ್ನ ತಿನ್ನಿಸಬೇಕಾಯ್ತು. ನಿನ್ನ ಅತ್ತೆಯ ಮುಂದೆ ಹೇಳ್ಬೇಕಿತ್ತಾ ಇದನ್ನ?"

ನರ್ಸಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು.

ಡಾಕ್ಟರಮ್ಮ ಮುಖಕವಚ ಕೆಳಗೆಳೆದಳು. ನಗು ಬರುತ್ತಿತ್ತು, ಕಣ್ಣಲ್ಲಿ ನೀರೂ ಬರುತ್ತಿತ್ತು. "ಆಮೇಲೂ ಯಾಕೆ ಸುಮ್ಮನಿದ್ದೆ? ಫೋನಿನಲ್ಲಿ ಯಾರಿದ್ರು?"

"ಆಮೇಲೆ ನನಗೆ ಸಿಟ್ಟು ಬಂದಿತ್ತು" ಎಂದಳು ಅಕ್ಕ ನೇರವಾಗಿ. "ತುಂಬಾ ಸಿಟ್ಟು ಬಂದಿತ್ತು. ನಿನ್ನ ಹತ್ರ ಮಾತಾಡಿದ್ರೆ ನನ್ನದೆಲ್ಲ ನಗೋ ವಸ್ತು ಆಗುತ್ತೆ ಅನ್ನಿಸ್ತು."

"ತಪ್ಪು ಮಾಡಿದೆ ಅಕ್ಕ. ನಗಿಸಬಾರ್ದಿತ್ತು. ನೀನಿಲ್ಲದೆ ಒಂದು ಸಿನಿಮಾನೂ ರುಚಿಸಲಿಲ್ಲ ನನಗೆ."

ಅಕ್ಕ ತುಟಿ ಒರೆಸಿದ ಕಾಗದವನ್ನು ಮುದುರಿ ಬುಟ್ಟಿಗೆಸೆದಳು. ದವಡೆ ಬಿಗಿಯಲಿಲ್ಲ. ಡಾಕ್ಟರಮ್ಮ ಅದನ್ನು ಗಮನಿಸಿದಳು.

ಬಾಗಿಲ ಸಂದಿಯಿಂದ ಹೊರಗೆ ಕಾಯುವವರ ಕೆಮ್ಮು ಕೇಳಿತು. "ಮೇಡಂ, ಇನ್ನೂ ನಾಲ್ಕು ಜನ ಇದ್ದಾರೆ" ಎಂದಳು ನರ್ಸಮ್ಮ.

"ಕಾಯಲಿ" ಎಂದಳು ಅಕ್ಕ, ತಾನೇ ಡಾಕ್ಟರೆಂಬಂತೆ. "ಇವಳ ಜೊತೆ ನನಗೆ ಮೂರು ವರ್ಷದ ಮಾತು ಬಾಕಿ ಇದೆ. ಛತ್ರಿ ಸಿನಿಮಾ ಚೆನ್ನಾಗಿದೆ ಅಂದ್ಯಲ್ಲ, ಅದು ತಪ್ಪು. ನಾನು ಹೌದೇನೋ ಅಂದೆ, ಒಳಗೆ ಹೊಟ್ಟೆ ಉರಿದುಹೋಯ್ತು. ದೋಣಿ ಸಿನಿಮಾ ಹಾಡು ಹಿಂಸೆ ಅಂದ್ಯಲ್ಲ, ಕಿವಿ ಇದ್ದವರು ಆಡೋ ಮಾತಾ ಅದು? ಆ ಹೀರೋಯಿನ್ ಚೆನ್ನಾಗಿ ನಗೋದು ಕೋರೆಹಲ್ಲಿಂದ ಅಂತ ನಿನ್ನ ಪೇಷಂಟುಗಳೆಲ್ಲ ನಿಲ್ದಾಣದಲ್ಲಿ ಹೇಳ್ಕೊಂಡು ಓಡಾಡ್ತಾರೆ. ಅವಳು ನಗೋದು ಕಣ್ಣಿಂದ, ಕಣ್ಣಿಂದ! ಬಾಯಿ ಬಿಟ್ಟು ಇನ್ನೇನಾದ್ರೂ ನೋಡಿದ್ದೀಯಾ ನೀನು ಜನ್ಮದಲ್ಲಿ?"

ಇದನ್ನು ಕೇಳಿ ಯಾವ ಡಾಕ್ಟರು ಸುಮ್ಮನಿರುತ್ತಾರೆ? "ಅಕ್ಕ, ಆ ಕೋರೆಹಲ್ಲು ಇಲ್ಲದೇ ಇದ್ದಿದ್ರೆ..." ಎಂದು ಡಾಕ್ಟರಮ್ಮ ಶುರುಮಾಡಿದಳು.

ಅಕ್ಕ ಎಡಗೈ ಎತ್ತಿದಳು.

"ಬಾಯಿ ಮುಚ್ಚು, ಗಿಣಿ. ನನ್ನದಿನ್ನೂ ಮುಗಿದಿಲ್ಲ."

ಎಡಗೈ ಎತ್ತಿದರೆ ನಿಲ್ಲಿಸುವುದು ಆ ಕೋಣೆಯ ನಿಯಮ. ಡಾಕ್ಟರಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು ಬಾಯಿ ಮುಚ್ಚಿದಳು.